ಸೇನಾಪತಿಯ ದನಿ

ತಮ್ಮ ತೀರಿಕೊಂಡದ್ದು ಶುಕ್ರವಾರ. ಅದರ ಹಿಂದಿನ ದಿನ ಸಂಜೆ ಐದು ಗಂಟೆಗೆ ನಾನು ಅವನ ಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ಟೀವಿಯ ಮುಂದೆ ಅವನ ಮಗಳು ಎರಡನೇ ಕ್ಲಾಸಿನ ಯೂನಿಫಾರಂನಲ್ಲೇ, ಒಂದು ಕಾಲಿನ ಸಾಕ್ಸ್ ಮಾತ್ರ ಬಿಚ್ಚಿ ಕೂತಿದ್ದಳು. ಅವನ ಹೆಂಡತಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳೆ. ಫ್ಯಾಕ್ಟರಿ ಬಸ್ಸು ಅವಳನ್ನು ಕೆ.ಆರ್. ಪೇಟೆಯಲ್ಲಿ ಇಳಿಸುವಾಗ ಏಳಾಗಿರುತ್ತದೆ. ನನ್ನ ಮನೆ ಅದೇ ಬೀದಿಯಲ್ಲಿ, ಮೂರು ಮನೆ ಆಚೆ. ಅಂಗನವಾಡಿ ಕೆಲಸ ಮುಗಿಸಿ ಬಂದವಳು ಮಗುವನ್ನು ನೋಡಿಕೊಂಡು ಅಲ್ಲೇ ಇರುತ್ತಿದ್ದೆ.

ಐದೂ ಹತ್ತಕ್ಕೆ ತಮ್ಮ ಆಟೋ ನಿಲ್ಲಿಸಿ ಒಳಗೆ ಬಂದ. ಮೈಕಿನಲ್ಲಿ ಸಾರುವುದು ಅವನ ಕೆಲಸ. ಆಟೋದ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ, ಈ ನಾಲ್ಕು ತಾಲ್ಲೂಕಿನ ಊರೂರು ತಿರುಗುತ್ತಿದ್ದ. ಅಂಗಡಿಯ ಆಫರು, ಕಣ್ಣಿನ ಪರೀಕ್ಷೆ, ಕರೆಂಟು ಇಲ್ಲದ ದಿನ, ಯಾರಾದರೂ ತೀರಿಕೊಂಡರೆ ಮಣ್ಣು ಎಷ್ಟು ಗಂಟೆಗೆ ಎನ್ನುವುದು, ಎಲ್ಲವನ್ನೂ ಸಾರುತ್ತಿದ್ದ. ಆ ದಿನ ಸಿಂಧಘಟ್ಟದ ಕಡೆ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುತ್ತಾರೆಂದು, ರೆಕಾರ್ಡಿಲ್ಲದೆ ಮೈಕು ಹಿಡಿದು ಬಾಯಲ್ಲೇ ಹೇಳಿ ಬಂದಿದ್ದ.

"ಬಂದ್ನೇನವ್ವಾ ನಮ್ಮೋನು?" ಎಂದು ಮಗಳನ್ನು ಕೇಳಿದ.

"ಇನ್ನೂ ಇಲ್ಲ. ಬರೀ ರೋಬೋಟೇ ನಿಂತದೆ."

"ಅದು ಇನ್ನೇನು ಮಾಡಾತು ಬುಡು. ಲೈಟ್ ಕಂಬ ಇದ್ದಂಗೆ."

ಅವರಿಬ್ಬರೂ ಭಾನುವಾರ ಬಿಟ್ಟು ದಿನಾ ನೋಡುತ್ತಿದ್ದದ್ದು ಜಪಾನಿನ ಒಂದು ಕಾರ್ಟೂನು. ಅದರಲ್ಲಿ ಹತ್ತು ಮಾಳಿಗೆ ಎತ್ತರದ ಒಂದು ರೋಬೋಟು ಇದೆ. ಅದರ ತಲೆಯೊಳಗೆ ಕೂತು ಓಡಿಸುವ ಮೂವರು ಶಾಲೆಯ ಮಕ್ಕಳಿದ್ದಾರೆ. ಅವರ ವೈರಿ ಒಬ್ಬ ಸೇನಾಪತಿ. ನೆಟ್ಟಗೆ ನಿಂತ ಮೀಸೆ, ನೇರಳೆ ಬಣ್ಣದ ಶಾಲು, ಗಿಡ್ಡ ಕಾಲು. ಪ್ರತಿ ಕಂತಿನಲ್ಲೂ ಅವನು ಹೊಸದೊಂದು ಯಂತ್ರ ಕಟ್ಟುತ್ತಾನೆ. ಒಮ್ಮೆ ಏಡಿಯಂಥದ್ದು, ಒಮ್ಮೆ ಟೀ ಕುದಿಸುವ ಕೆಟಲಿನಂಥದ್ದು. ಕಟ್ಟಿದ ಮೇಲೆ ಸುಮ್ಮನೆ ಹೋಗಿ ದಾಳಿ ಮಾಡುವುದಿಲ್ಲ. ಯಂತ್ರದ ತಲೆಯ ಮೇಲೆ ಹತ್ತಿ ನಿಂತು, ನಾಳೆ ಇಷ್ಟು ಹೊತ್ತಿಗೆ ಇಂಥ ಕಡೆಯಿಂದ ಬರುತ್ತೇನೆ ಎಂದು ಇಡೀ ಪಟ್ಟಣಕ್ಕೆ ಧ್ವನಿವರ್ಧಕದಲ್ಲಿ ಹೇಳುತ್ತಾನೆ. ಆ ಹೊತ್ತಿಗೆ ಆ ಕಡೆ ರೋಬೋಟು ಬಂದು ನಿಂತಿರುತ್ತದೆ. ಸೇನಾಪತಿ ಸೋಲುತ್ತಾನೆ. ಮಕ್ಕಳೆಲ್ಲ ರೋಬೋಟಿನ ಚಿತ್ರವಿರುವ ಬ್ಯಾಗು ತರುತ್ತಾರೆ. ನನ್ನ ತಮ್ಮನಿಗೆ ಮಾತ್ರ ಸೇನಾಪತಿಯೇ ಇಷ್ಟ.

"ನೀನೇ ನೋಡಕ್ಕ," ಎನ್ನುತ್ತಿದ್ದ, "ಇಡೀ ಊರಲ್ಲಿ ಕೆಲ್ಸ ಮಾಡೋನು ಅವನೊಬ್ನೇಯ. ದಿನಾ ಒಂದೊಂದು ಒಸಾ ಮಿಷನ್ನು. ಆ ರೋಬೋಟು ಒಂದೇ ಒಂದ್ಸಲ ನಟ್ಟು ಬೋಲ್ಟು ಬಿಗಿ ಮಾಡ್ಕಂಡಿರೋದ ತೋರ್ಸಿವ್ರಾ?"

"ಮೊದ್ಲೇ ಏಳ್ಬುಟ್ರೆ ಸೋಲ್ದೆ ಇನ್ನೇನಾಯ್ತನ್ಲಾ ಅವ್ನು?" ಎಂದು ನಾನು ಕೇಳಿದರೆ, "ಏಳ್ದೆ ಒಡುದ್ರೆ ಕಳ್ಳತನ ಕಣಕ್ಕ. ಸಾರಿ ಒಡೀಬೇಕು. ನಮ್ಮ ಲೈನ್ನೋನು ಅವ್ನು," ಎನ್ನುತ್ತಿದ್ದ.

ಟೀವಿಯಲ್ಲಿ ಸೇನಾಪತಿ ಮಾತಾಡುವುದು ಪುಸ್ತಕದ ಕನ್ನಡ. "ಮೂರ್ಖರೇ, ನನ್ನ ಯೋಜನೆಯನ್ನು ಆಲಿಸಿರಿ" ಎನ್ನುವ ಥರದ್ದು. ಆ ದನಿ ತಮ್ಮನಿಗೆ ಮೊದಲ ದಿನವೇ ಸೇರಲಿಲ್ಲ. ಸೇನಾಪತಿ ತೆರೆಯ ಮೇಲೆ ಬಂದ ಕೂಡಲೇ ಮಗಳು ರಿಮೋಟಿನಲ್ಲಿ ಶಬ್ದ ನಿಲ್ಲಿಸುತ್ತಿದ್ದಳು, ಇವನು ದನಿ ಕೊಡುತ್ತಿದ್ದ. ತನ್ನ ಮಾಮೂಲಿ ದನಿಯಲ್ಲ. ಅರ್ಧ ಮೂಗಿನಿಂದ, ಅರ್ಧ ಹೊಟ್ಟೆಯಿಂದ ಬರುವ ಒಂದು ದನಿ. ಅದು ಎಲ್ಲಿಂದ ಬರುತ್ತಿತ್ತೋ ನನಗೆ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಅಂಥ ಗಂಟಲಿಲ್ಲ.

ಆ ಗುರುವಾರ ಸೇನಾಪತಿ ಕಟ್ಟಿದ್ದು ಕೊಡೆಯಂಥ ಯಂತ್ರ.

"ಕೇಳ್ರಪ್ಪೋ ಕೇಳಿ! ನಾಳೆ ಬೆಳಗ್ಗೆ ಅತ್ತು ಗಂಟೆಗೆ ನಿಮ್ಮ ಪಟ್ಣವ ಪುಡಿ ಮಾಡ್ತೀನಿ. ತಿಂಡಿ ತಿನ್ಕಂಡು ಬನ್ನಿ. ಆಮೇಲೆ ಏಳ್ಲಿಲ್ಲ ಅನ್ಬ್ಯಾಡಿ!"

ರೋಬೋಟು ಕೊಡೆಯನ್ನು ಮಂಡಿಗೆ ಹಾಕಿ ಮುರಿಯಿತು.

"ಲೇ ಡಬ್ಬ ನನ್ಮಗ್ನೆ, ಬುಡ್ಲಾ! ನೆನ್ನೆ ತಾನೆ ಪೇಂಟ್ ಒಡ್ಸಿವ್ನಿ ಕಣ್ಲಾ!"

ಮಗು ನಗುತ್ತಾ ಉರುಳಿದ್ದರಿಂದ ನಾನು ಬಿಡಿಸಿಟ್ಟ ಕಾಳು ಚೆಲ್ಲಿತು. ನಾನು ಇಬ್ಬರಿಗೂ ಬೈದೆ. ಇಬ್ಬರೂ ಬಗ್ಗಿ ಕಾಳು ಆರಿಸಿದರು. ತಮ್ಮ ಸೇನಾಪತಿಯ ದನಿಯಲ್ಲೇ "ಇದೂ ನನ್ನ ಸೋಲೇ" ಎಂದ. ನಾನು ಎದ್ದು ಸಾರಿಗೆ ಇಟ್ಟೆ. ಆ ದಿನ ಇಷ್ಟೇ ನಡೆದದ್ದು.

ಮಾರನೆಯ ದಿನ ಅವನು ಪಾಂಡವಪುರದ ಕಡೆಗೆ ಹೋದ. ಅಲ್ಲಿನ ಒಂದು ಪಾತ್ರೆ ಅಂಗಡಿಗೆ, ಹಳೇ ಕುಕ್ಕರ್ ಕೊಟ್ಟು ಹೊಸದು ಒಯ್ಯಿರಿ ಎಂಬ ಪ್ರಚಾರ. ಅದನ್ನು ಸೇನಾಪತಿಯ ದನಿಯಲ್ಲೇ ರೆಕಾರ್ಡ್ ಮಾಡಿದ್ದ. ಆ ವಾರ ಆಗಲೇ ಮೂರು ದಿನ ಅದು ಓಡಿತ್ತು. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ರಸ್ತೆ ಬದಿಯ ಹೊಂಗೆ ಮರದ ಕೆಳಗೆ ಆಟೋ ನಿಲ್ಲಿಸಿದ್ದಾನೆ. ಹ್ಯಾಂಡಲಿನ ಮೇಲೆ ತಲೆ ಇಟ್ಟಿದ್ದಾನೆ. ಮೈಕು ಓಡುತ್ತಲೇ ಇತ್ತು. ಬಸ್ಸಿಗೆ ಕಾಯುತ್ತಿದ್ದ ನಾಲ್ಕಾರು ಜನ ಕುಕ್ಕರಿನ ಮಾತು ಕೇಳಿ ನಗುತ್ತಿದ್ದರಂತೆ. ಅರ್ಧ ಗಂಟೆಯಾದರೂ ಆಟೋ ಕದಲದ್ದು ನೋಡಿ ಅಲ್ಲೇ ಎಳನೀರು ಮಾರುವವರೊಬ್ಬರು ಹತ್ತಿರ ಹೋಗಿ ಭುಜ ಹಿಡಿದು ಅಲುಗಾಡಿಸಿದ್ದಾರೆ. ಮೈಕು ನಿಲ್ಲಿಸುವುದು ಹೇಗೆಂದು ಅವರಿಗೆ ಗೊತ್ತಾಗಲಿಲ್ಲ. ಸೆಟ್ಟಿಗೆ ಚುಚ್ಚಿದ್ದ ಪೆನ್‌ಡ್ರೈವನ್ನೇ ಕಿತ್ತರು.

ನಾನು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ನಿಂತಿದೆ ಎಂದರು. ವಯಸ್ಸು ಮೂವತ್ತೆಂಟು. ಎಳನೀರಿನವರು ಇನ್ನೂ ಅಲ್ಲೇ ನಿಂತಿದ್ದರು. ಅವನ ಫೋನು, ಆಟೋದ ಕೀ, ಪೆನ್‌ಡ್ರೈವು, ಮೂರನ್ನೂ ನನ್ನ ಕೈಗೆ ಕೊಟ್ಟು, "ನಿದ್ದೆ ಮಾಡ್ತಾವ್ನೆ ಅನ್ಕಂಡೆ ಕಣವ್ವ," ಎಂದರು. ಎರಡು ಸಲ ಅದನ್ನೇ ಹೇಳಿದರು. ಫೋನು ಮತ್ತು ಕೀಯನ್ನು ಬ್ಯಾಗಿಗೆ ಹಾಕಿಕೊಂಡೆ. ಪೆನ್‌ಡ್ರೈವು ಯಾಕೋ ಕೈಯಲ್ಲೇ ಉಳಿಯಿತು. ಮನೆ ಸೇರುವವರೆಗೂ ಅದು ನನ್ನ ಮುಷ್ಟಿಯಲ್ಲಿತ್ತು.

ಇಲ್ಲಿ ಅವನ ಕೆಲಸದ ಒಂದು ಪದ್ಧತಿಯನ್ನು ಹೇಳಬೇಕು. ಅವನು ಕೆಲಸ ಮಾಡುತ್ತಿದ್ದದ್ದು ಒಬ್ಬರು ಮೈಕ್‌ಸೆಟ್ ಯಜಮಾನರ ಹತ್ತಿರ. ಅವರ ಅಂಗಡಿಯಲ್ಲಿ ಒಂದು ನಿಯಮವಿದೆ. ಹೊಸ ಮಾತು ರೆಕಾರ್ಡ್ ಮಾಡುವ ಮೊದಲು ಪೆನ್‌ಡ್ರೈವನ್ನು ಪೂರ್ತಿ ಅಳಿಸಬೇಕು. ಕಾರಣವಿತ್ತು. ಕೆಲವು ವರ್ಷದ ಹಿಂದೆ ನಾಗಮಂಗಲದ ಕಡೆ ಒಂದು ಹಳ್ಳಿಯಲ್ಲಿ ಮದುವೆ ಸೀರೆಗಳ ಪ್ರಚಾರ ಮುಗಿದ ತಕ್ಷಣ, ಹಿಂದಿನ ವಾರದ ಸಾವಿನ ಸುದ್ದಿ ಓಡಿಬಿಟ್ಟಿತ್ತು. ಜನ ಆಟೋ ಅಡ್ಡಗಟ್ಟಿ, "ಯಾರ್ಲಾ ಸತ್ತಿರೋರು? ನಮ್ಮೂರೋರಾ?" ಎಂದು ಕೇಳಿದರಂತೆ. "ಇಲ್ಲ, ಅದು ಬ್ಯಾರೆ ಊರಿಂದು, ಓದ್ವಾರದ್ದು" ಎಂದು ತಮ್ಮ ಹೇಳಿದ್ದಕ್ಕೆ, "ಓದ್ವಾರ ಸತ್ತೋನು ಈ ವಾರನೂ ಸಾಯ್ತಾವ್ನಾ?" ಎಂದು ಒಬ್ಬ ಮುದುಕ ಕೋಲು ಎತ್ತಿದ್ದ. ಆವತ್ತಿನಿಂದ ಈ ನಿಯಮ. ಯಜಮಾನರ ಕಂಪ್ಯೂಟರಿನಲ್ಲೂ ಏನೂ ಉಳಿಯುತ್ತಿರಲಿಲ್ಲ. ಸೆಟ್ಟಿನಿಂದ ನೇರವಾಗಿ ಪೆನ್‌ಡ್ರೈವಿಗೇ ರೆಕಾರ್ಡು.

ಮೂರು ಗಂಟೆಗೆ ಯಜಮಾನರು ಮನೆಗೆ ಬಂದರು. ಬಾಗಿಲಲ್ಲೇ ಕುಸಿದು ಕೂತು ಅತ್ತರು. ಆಮೇಲೆ ಎದ್ದು ಮುಖ ತೊಳೆದುಕೊಂಡು ನನ್ನ ಹತ್ತಿರ ಬಂದರು.

"ಅವ್ವಾ, ಸುತ್ತ ಊರಿಗೆಲ್ಲ ಸಾರ್ಬೇಕು. ನಾಕು ತಾಲ್ಲೂಕಿನ ಜನ ಅವನ್ನ ಬಲ್ಲರು. ಇರೋ ಪೆನ್‌ಡ್ರೈವೆಲ್ಲ ಬ್ಯಾರೆ ಆಟೋಗಳಲ್ಲಿ ಅವೆ. ಅವನ್ದು ಎಲ್ಲಾದ್ರೂ ಸಿಕ್ತಾ?"

ನಾನು ಮುಷ್ಟಿ ಬಿಚ್ಚಿ ಕೊಟ್ಟೆ. ಅವರೂ ಏನೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಬೀದಿಯಲ್ಲಿ ಮೈಕು ಕೇಳಿಸಿತು. ಯಜಮಾನರ ದನಿ. ನನ್ನ ತಮ್ಮನ ಹೆಸರು, ಮಣ್ಣಿನ ಹೊತ್ತು, ಮಣ್ಣು ಮಾಡುವ ತೋಟದ ದಾರಿ. ತಪ್ಪಿಲ್ಲದೆ ಹೇಳಿದ್ದರು.

ಹನ್ನೊಂದು ದಿನದ ಕಾರ್ಯ ಮುಗಿದ ಮೇಲಿನ ಸೋಮವಾರ ಮಗು ಶಾಲೆಗೆ ಹೋದಳು. ಸಂಜೆ ಐದಕ್ಕೆ ತಾನಾಗಿಯೇ ಟೀವಿ ಹಾಕಿದಳು. ಸೇನಾಪತಿ ಬಂದ. ಅವಳು ಅಭ್ಯಾಸದಂತೆ ಶಬ್ದ ನಿಲ್ಲಿಸಿದಳು. ತೆರೆಯ ಮೇಲೆ ಅವನ ಬಾಯಿ ಆಡುತ್ತಿತ್ತು. ನನಗೆ ತಡೆಯಲಾಗಲಿಲ್ಲ. ದನಿ ದಪ್ಪ ಮಾಡಿಕೊಂಡು, "ಕೇಳ್ರಪ್ಪೋ ಕೇಳಿ" ಎಂದೆ.

"ಅತ್ತೆ, ನೀನು ಮಾಡ್ಬೇಡ," ಎಂದಳು. ಸಿಟ್ಟಿರಲಿಲ್ಲ.

ನಾನು ರಿಮೋಟು ತೆಗೆದುಕೊಂಡು ಶಬ್ದ ಮತ್ತೆ ಹಾಕಿದೆ. ಟೀವಿಯ ದನಿ ಬಂತು.

"ಇದು ಅವನ ದನಿ ಅಲ್ಲ," ಎಂದಳು. ನನ್ನ ಕಡೆ ತಿರುಗಿ, "ಆಟೋದಲ್ಲಿ ಇತ್ತಲ್ಲ ಅತ್ತೆ? ಕುಕ್ಕರಿಂದು. ಅದನ್ನ ಹಾಕು," ಎಂದಳು.

ಆಗ ನನಗೆ ಗೊತ್ತಾಯಿತು ನಾನು ಏನು ಕೊಟ್ಟುಬಿಟ್ಟೆ ಎಂದು.

"ತಂದುಕೊಡ್ತೀನಿ," ಎಂದೆ. ಮಾತು ಕೊಟ್ಟುಬಿಟ್ಟೆ.

ಯಜಮಾನರ ಅಂಗಡಿಗೆ ಹೋಗಿ ಕೇಳಿದೆ. ಅವರು ಡ್ರಾಯರಿನಿಂದ ಆ ಪೆನ್‌ಡ್ರೈವು ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡರು.

"ಅಯ್ಯೋ ನನ್ನವ್ವ. ಕೈಯ್ಯಭ್ಯಾಸ. ಅಳಿಸ್ದೆ ರೆಕಾರ್ಡೇ ಮಾಡಾಕಿಲ್ಲ ನಾನು. ಅದ್ರಲ್ಲಿ ಅವ್ನೇ ಕೂತವ್ನೆ ಅಂತ ಒಳೀನೇ ಇಲ್ಲ."

ಆಮೇಲೆ ಇನ್ನೂ ಮೂರು ಕೆಲಸಕ್ಕೆ ಅದೇ ಪೆನ್‌ಡ್ರೈವು ಹೋಗಿತ್ತು. ಇಬ್ಬರೂ ಅದನ್ನು ಹಿಡಿದುಕೊಂಡು ಮೊಬೈಲು ರಿಪೇರಿ ಅಂಗಡಿಗೆ ಹೋದೆವು. ಅಳಿಸಿದ್ದನ್ನು ಕೆಲವು ಸಲ ಮರಳಿ ತೆಗೆಯಬಹುದು, ಆದರೆ ಮೇಲೆ ಮೇಲೆ ಬರೆದಿದ್ದರೆ ಕಷ್ಟ ಎಂದರು. ಎರಡು ದಿನ ಇಟ್ಟುಕೊಂಡು ಪ್ರಯತ್ನಿಸಿದರು. ಕೊಳವೆಬಾವಿ ಪಂಪಿನ ಪ್ರಚಾರದ ಚೂರೊಂದು ಬಂತು, ಅದೂ ಬೇರೆಯವರ ದನಿ. ಯಜಮಾನರು ಆ ದಿನ ಆ ನಿಯಮ ತೆಗೆದುಹಾಕುತ್ತೇನೆ ಎಂದರು. ನಾನು ಬೇಡ ಎಂದೆ. ನಿಯಮದಲ್ಲಿ ತಪ್ಪಿರಲಿಲ್ಲ.

ಅವನ ಫೋನಿನಲ್ಲಿ ಹುಡುಕಿದೆ. ವಿಡಿಯೋಗಳಿವೆ. ಎಲ್ಲವನ್ನೂ ಅವನೇ ಹಿಡಿದದ್ದು, ಹಾಗಾಗಿ ಅವನಿಲ್ಲ. ಮಗಳ ಹುಟ್ಟುಹಬ್ಬದ್ದರಲ್ಲಿ "ಇತ್ತಗೆ ನೋಡವ್ವ" ಎನ್ನುವುದು ಕೇಳುತ್ತದೆ. ಅವನ ಹೆಂಡತಿಯ ಫೋನಿನಲ್ಲಿ ಹಾಲು, ತರಕಾರಿ, ಬಸ್ಸು ತಪ್ಪಿದ್ದು, ಇಂಥ ಸಣ್ಣ ಧ್ವನಿ ಸಂದೇಶಗಳಿವೆ. ಅವಳು ಅವನ್ನು ಯಾರಿಗೂ ಕೇಳಿಸುವುದಿಲ್ಲ. ಅದು ಸರಿ. "ಅಕ್ಕ, ಸೇನಾಪತಿ ಮಾತಾಡುವಾಗ ನಾನು ಯಾವತ್ತೂ ಮನೇಲಿ ಇರ್ಲೇ ಇಲ್ಲ. ಆ ದನಿ ಹೆಂಗಿತ್ತು ಅನ್ನೋದೇ ನಂಗೆ ಸರಿಯಾಗಿ ಗೊತ್ತಿಲ್ಲ," ಎಂದಳು ಒಂದು ದಿನ. ಬೆಳಿಗ್ಗೆ ಏಳಕ್ಕೆ ಹೋಗಿ ಸಂಜೆ ಏಳಕ್ಕೆ ಬರುವವಳು. ನಾನು ಅವಳ ಟಿಫಿನ್ ಡಬ್ಬಿ ತೊಳೆದಿಟ್ಟೆ.

ಒಂದು ಭಾನುವಾರ ಪಾಂಡವಪುರದ ಪಾತ್ರೆ ಅಂಗಡಿಗೆ ಹೋದೆ. ಅಂಗಡಿಯವರಿಗೆ ಅರವತ್ತರ ಮೇಲೆ ವಯಸ್ಸು. ನಾನು ಯಾರೆಂದು ಹೇಳಿದ ಮೇಲೆ ಸ್ಟೂಲು ಹಾಕಿ ಕೂರಿಸಿದರು.

"ಮೊದ್ಲು ಕೇಳ್ದಾಗ ನಾನು ಬೈದಿದ್ದೆ ಕಣಮ್ಮ. ಇದೇನ್ಲಾ, ಕುಕ್ಕರ್ ಮಾರಕ್ಕೆ ರಾಕ್ಷಸ ಯಾಕ್ಲಾ ಅಂದೆ. ಅಣ್ಣೋ, ಒಂದಿನ ನೋಡು, ಜನ ಬರ್ದಿದ್ರೆ ಬ್ಯಾರೆ ಮಾಡ್ಕೊಡ್ತೀನಿ ಅಂದ. ಮಾರನೇ ದಿನ ಹೆಂಗಸ್ರು ಬಂದು ಏನಂದ್ರು ಗೊತ್ತಾ? ಆ ಮೀಸೆಯಪ್ಪನ ಅಂಗಡಿ ಇದೇನಾ ಅಂತ!"

ಅವರ ಹತ್ತಿರ ರೆಕಾರ್ಡು ಇರಲಿಲ್ಲ. ಮಾತೆಲ್ಲ ಬಾಯಿಪಾಠವಾಗಿತ್ತು. ನಾನು ಕೇಳದೆಯೇ ಹೇಳಿದರು. "ನನ್ನ ಎಲ್ಲಾ ಯಂತ್ರನೂ ಮುರುದ್ರು, ಸೀಟಿ ಒಡಿಯೋದು ಇದೊಂದೇ ಉಳುದದೆ. ಇದನ್ನಾದ್ರೂ ತಗಂಡೋಗ್ರವ್ವ." ಹಾಲಿನ ಲೆಕ್ಕ ಹೇಳುವ ಹಾಗೆ, ಏರಿಳಿತವಿಲ್ಲದೆ ಹೇಳಿದರು. ನಾನು ಅದನ್ನು ಚೀಟಿಯಲ್ಲಿ ಬರೆದುಕೊಂಡೆ. ಬರುವಾಗ ಅವರು ಒಂದು ಸಣ್ಣ ಸ್ಟೀಲ್ ಡಬ್ಬಿ ಕೈಗಿಟ್ಟರು, ಮಗುವಿಗೆ ಎಂದು.

ನಾಗಮಂಗಲದ ಹತ್ತಿರದ ಒಂದು ಸರ್ಕಾರಿ ಶಾಲೆಯ ಮೇಷ್ಟ್ರು ತಾವಾಗಿಯೇ ಫೋನು ಮಾಡಿದರು. ಯಜಮಾನರು ಅವರಿಗೆ ಹೇಳಿದ್ದರು. ಎರಡು ವರ್ಷದ ಹಿಂದೆ ಶಾಲಾ ವಾರ್ಷಿಕೋತ್ಸವದ ಮೈಕಿಗೆ ಹೋದವನನ್ನು ಮಕ್ಕಳು ವೇದಿಕೆಗೆ ಹತ್ತಿಸಿದ್ದರಂತೆ. ಮೇಷ್ಟ್ರ ಫೋನಿನಲ್ಲಿ ವಿಡಿಯೋ ಇದೆ ಎಂದಾಗ ಈಗಲೇ ಕಳಿಸಿ ಎಂದೆ. ಅವರು ಕಳಿಸಿದರು. ಒಂದು ನಿಮಿಷಕ್ಕೂ ಕಡಿಮೆ. ತಮ್ಮ ನಿಂತಿದ್ದಾನೆ. ಕರಿ ಕಾಗದದ ಮೀಸೆ ಅಂಟಿಸಿಕೊಂಡಿದ್ದಾನೆ, ಹೆಗಲಿಗೆ ಯಾರದೋ ದುಪಟ್ಟಾ. ಬಾಯಿ ತೆರೆದ ಕ್ಷಣದಿಂದ ಮಕ್ಕಳ ಕೂಗು, ಶಿಳ್ಳೆ. ಮೇಷ್ಟ್ರು ನಿಂತದ್ದು ಮಕ್ಕಳ ನಡುವೆ. ಕೊನೆಯವರೆಗೂ ಬೇರೇನೂ ಕೇಳುವುದಿಲ್ಲ. ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದು ಹತ್ತಿಪ್ಪತ್ತು ಸಲ ಕೇಳಿದೆ. ಒಂದು ಕಡೆ "ಪಟ್ಣ" ಎಂದ ಹಾಗಿದೆ. ಅಥವಾ ಹಾಗೆ ಅಂದಿರಬೇಕು ಎಂದು ನನಗೆ ಅನ್ನಿಸಿರಬಹುದು.

ಮಗು ಅದನ್ನು ನೋಡಿದಳು.

"ಎಲ್ಲಾರೂ ಕೂಗ್ತಾವ್ರೆ," ಎಂದಳು. "ಅಪ್ಪ ಮಾತಾಡುವಾಗ ನಾನು ಕೂಗ್ತಾ ಇರ್ಲಿಲ್ಲ, ಅಲ್ವಾ ಅತ್ತೆ?"

"ಇಲ್ಲ ಕಣವ್ವ. ನೀನು ಮಾತು ಮುಗುದ್ಮೇಲೆ ನಗ್ತಿದ್ದೆ."

ಶ್ರೀರಂಗಪಟ್ಟಣಕ್ಕೆ ಹೋದದ್ದು ಕೊನೆಗೆ. ನದಿ ದಂಡೆಯ ಒಂದು ಪಂಚಾಯ್ತಿಯಲ್ಲಿ ಊರಿಗೆ ನಲ್ಲಿ ನೀರು ಬಿಡುವ ನೀರುಗಂಟಿ ಕೆಲಸ ಮಾಡುವವರೊಬ್ಬರು ತಮ್ಮನಿಗೆ ಸ್ನೇಹಿತರು. ಅವರು, "ಇದೆ ಬನ್ನಿ, ನಾನು ಅಳಿಸಿಲ್ಲ," ಎಂದಿದ್ದರು. ನಾನು ಬಸ್ಸಿನಲ್ಲಿ ಹೋಗುವಾಗ ಮಗುವಿಗೆ ಏನೂ ಹೇಳಿರಲಿಲ್ಲ. ಅವರು ಫೋನು ತೆಗೆದು ಹಾಕಿದರು. ತಮ್ಮನ ದನಿ ಸ್ಪಷ್ಟವಾಗಿ ಬಂತು.

"ಸಾರ್ವಜನಿಕರ ಗಮನಕ್ಕೆ. ಅಣೆಕಟ್ಟೆಯಿಂದ ನದಿಗೆ ನೀರು ಬಿಡಲಾಗುತ್ತಿದೆ. ನದಿಯ ದಂಡೆಯಲ್ಲಿರುವವರು ತಮ್ಮ ಜಾನುವಾರುಗಳೊಂದಿಗೆ ಎತ್ತರದ ಜಾಗಕ್ಕೆ ಹೋಗಬೇಕಾಗಿ ವಿನಂತಿ. ಯಾರೂ ನದಿಗೆ ಇಳಿಯಬಾರದು."

ಒಂದು ಅಕ್ಷರವೂ ಜಾರದ ಶುದ್ಧ ದನಿ. ಮಾತಿನ ನಡುವೆ ಅವನು ಉಸಿರು ತೆಗೆದುಕೊಳ್ಳುವುದು ಕೂಡ ಕೇಳುತ್ತದೆ.

"ಮಳೆಗಾಲ ಬಂದ್ರೆ ಪ್ರತಿ ವರ್ಷನೂ ಬೇಕಾಯ್ತದೆ ಅಂತ ನನ್ನ ಫೋನಲ್ಲೇ ಏಳುಸ್ಕಂಡು ಇಟ್ಕಂಡೆ," ಎಂದರು ಆ ಸ್ನೇಹಿತರು. "ಇದ್ನ ಸೇನಾಪತಿ ಥರ ಏಳ್ಲಾ ಅಂತ ನಾನು ರೇಗಿಸ್ದೆ. ನೀರಿನ ವಿಷ್ಯದಲ್ಲಿ ತಮಾಷೆ ಮಾಡಾಕಿಲ್ಲ ಕಣ್ಲಾ ಅಂದ. ಆ ಥರ ಮಾಡಿದ್ದ ಒಂದು ಇತ್ತು, ಕಳಿಸ್ತೀನಿ ಅಂದಿದ್ದ. ಮರ್ತೋ ಏನೋ."

ನಾನು ಅದನ್ನೇ ನನ್ನ ಫೋನಿಗೆ ಹಾಕಿಸಿಕೊಂಡು ಬಂದೆ. ಮಗು ಅದನ್ನು ಪೂರ್ತಿ ಕೇಳಿದಳು. ಮತ್ತೊಮ್ಮೆ ಹಾಕು ಎಂದಳು, ಹಾಕಿದೆ. ಮೂರನೇ ಸಲ ಅವಳೂ ಜೊತೆಗೆ ಹೇಳಿದಳು, ಜಾನುವಾರುಗಳೊಂದಿಗೆ ಎನ್ನುವಲ್ಲಿ ಮಾತ್ರ ತಡವರಿಸಿದಳು.

"ಇದು ಅಪ್ಪ ಕೆಲ್ಸದಲ್ಲಿರೋದು," ಎಂದಳು. "ಮನೇಲಿರೋದು ಬೇಕು."

"ಹುಡುಕ್ತಾ ಇದೀನಿ," ಎಂದೆ.

ಆರು ತಿಂಗಳಾಯಿತು. ಕಾರ್ಟೂನು ಈಗಲೂ ಐದಕ್ಕೆ ಬರುತ್ತದೆ, ಹಳೆಯ ಕಂತುಗಳನ್ನೇ ತಿರುಗಿಸಿ ಹಾಕುತ್ತಾರೆ. ಮಗು ನೋಡುತ್ತಾಳೆ, ಸೇನಾಪತಿ ಬಂದಾಗ ಶಬ್ದ ನಿಲ್ಲಿಸುತ್ತಾಳೆ. ಮೊದಲು ಅವನು ಏನೇನು ಹೇಳುತ್ತಿದ್ದ ಎಂದು ನನಗೆ ವಿವರಿಸುತ್ತಿದ್ದಳು. ಈಚೆಗೆ ಕೆಲವು ಮಾತು ತಪ್ಪಾಗುತ್ತವೆ. ನಾನು ತಿದ್ದುವುದಿಲ್ಲ, ಏಕೆಂದರೆ ನನಗೂ ಖಾತ್ರಿಯಿಲ್ಲ. ನೆನಪಾದಷ್ಟು ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅಂಗಡಿಗೆ, ಶಾಲೆಗೆ, ಹಾಲಿನ ಡೈರಿಗೆ, ಅವನು ಮೈಕು ಒಯ್ದ ಕಡೆಗೆಲ್ಲ, ಆ ದನಿಯ ರೆಕಾರ್ಡು ಸಿಕ್ಕರೆ ತಿಳಿಸಿ ಎಂದು ಹೇಳಿ ಬಂದಿದ್ದೇನೆ. ಆಡಿದ ಮಾತು ಬರವಣಿಗೆಯಲ್ಲಿದೆ, ಮುಖ ವಿಡಿಯೋದಲ್ಲಿದೆ, ಕೆಲಸದ ದನಿ ಫೋನಿನಲ್ಲಿದೆ. ಮಗಳ ಜೊತೆ ಕೂತು ಅವನು ಸೇನಾಪತಿಗೆ ಕೊಡುತ್ತಿದ್ದ ದನಿ ಸಿಕ್ಕಿಲ್ಲ.